ಮೂರು ಗಂಟೆ ಅಲುಗಾಡಬಾರದು

ಅವನ ಕೈಯಲ್ಲಿ ಕಬ್ಬಿಣದ ರಾಡ್ ಇತ್ತು.

ನನ್ನ ಕೈಯಲ್ಲಿ ಪ್ಲಾಸ್ಟಿಕ್ ತಟ್ಟೆ ಇತ್ತು.

ಅಂಗೈಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ತೊಂಬತ್ತಾರು ಪುಟ್ಟ ಗುಂಡಿಗಳು. ಒಂದೊಂದು ಗುಂಡಿಯಲ್ಲೂ ಕೆಲವೇ ಹನಿ ಹಳದಿ ನೀರು. ತಟ್ಟೆ ಒಂಚೂರು ವಾಲಿದರೆ ಈ ಗುಂಡಿಯ ನೀರು ಆ ಗುಂಡಿಗೆ... ಅಲ್ಲಿಗೆ ಎಲ್ಲ ಮುಗಿಯಿತು!

ನಾನು ಮೆಟ್ಟಿಲಿನ ಮೇಲ್ತುದಿಯಲ್ಲಿದ್ದೆ. ಅವನು ಕೆಳತುದಿಯಲ್ಲಿದ್ದ. ನಡುವೆ ಹದಿನಾರು ಮೆಟ್ಟಿಲು.

"ಏ ಆಂಟಿ! ಅದನ್ನ ಕೊಟ್ಟು ಸುಮ್ನೆ ಮನೆಗೆ ಹೋಗು."

"ಬಂದು ತಗೋ."

"ಎಸಿ, ಕ್ಯಾಚ್ ಹಿಡೀತೀನಿ."

"ಎಸೆಯೋ ಸಾಮಾನಲ್ಲ ಕಣೋ ಇದು!"

ಅವನ ಹೆಸರು ನನಗೆ ಗೊತ್ತಿರಲಿಲ್ಲ. ತಲೆಯ ಮೇಲೆ ಹೆಸರಿಗೂ ಒಂದು ಕೂದಲಿರಲಿಲ್ಲ. ಹಾಗಾಗಿ ಬೋಳ.

ಬೋಳ ಒಂದು ಮೆಟ್ಟಿಲು ಹತ್ತಿದ. ಎರಡು. ಐದು...

ನನ್ನ ಕೈ ಖಾಲಿಯಿರಲಿಲ್ಲ. ಆದರೆ ಕಾಲು ಖಾಲಿಯಿತ್ತು.

ಪಕ್ಕದಲ್ಲಿ ಮೊಟ್ಟೆಯ ರಟ್ಟಿನ ಟ್ರೇಗಳನ್ನು ಸೊಂಟದೆತ್ತರಕ್ಕೆ ಪೇರಿಸಿಟ್ಟಿದ್ದರು. ಒಂದು ಒದೆ ಕೊಟ್ಟೆ. ಸೊಂಟದ ಮೇಲೆ ನಾನು ಕಲ್ಲು, ಕೆಳಗೆ ಮಾತ್ರ ಕತ್ತೆ! ಟ್ರೇಗಳು ಜಾರಿದವು. ಬೋಳನ ಕಾಲಡಿ ಒಂದು, ಮುಖದ ಮೇಲೆ ಹತ್ತು. ರಾಡ್ ಒಂದು ಕಡೆ ಉರುಳಿತು, ಅವನು ಇನ್ನೊಂದು ಕಡೆ.

ತಟ್ಟೆಯ ನೀರು ಮಿಸುಕಲಿಲ್ಲ.

ಮಗುವನ್ನು ತಟ್ಟಿ ತಟ್ಟಿ ಮಲಗಿಸಿ, ಹೆಗಲಿನಿಂದ ಹಾಸಿಗೆಗೆ ಇಳಿಸಿದವರಿಗೆ ಈ ವಿದ್ಯೆ ಗೊತ್ತು. ನಾನು ಅಂಥ ಮೂರನ್ನು ಇಳಿಸಿದವಳು.

* * *

ನೀವು ಕೇಳುತ್ತೀರಿ, ಇದೆಲ್ಲ ನಿನಗೆ ಯಾಕಮ್ಮ ಬೇಕಿತ್ತು ಅಂತ.

ಕಳೆದುಹೋದದ್ದನ್ನು ಹುಡುಕಿಕೊಡುವುದು ನನ್ನ ಕೆಲಸ. ನಾಯಿ, ಪಾಸ್‌ಪೋರ್ಟ್, ಗಂಡ... ಯಾವುದಾದರೂ ಸರಿ. ಗಂಡಂದಿರು ಬೇಗ ಸಿಗುತ್ತಾರೆ. ನಾಯಿಗಳು ಸ್ವಲ್ಪ ಬುದ್ಧಿವಂತ.

ಅವತ್ತು ಬೆಳಿಗ್ಗೆ ಹತ್ತಕ್ಕೆ ಔಷಧದ ಲ್ಯಾಬಿನ ಡೈರೆಕ್ಟರ್ ಕರೆಸಿದರು. ಗಾಜಿನ ಕೋಣೆ. ಗಾಜಿನ ಟೇಬಲ್. ಮುಖ ಕಾಣುವಷ್ಟು ಹೊಳೆಯುವ ಶೂ.

"ನಮ್ಮ ಟೆಕ್ನೀಷಿಯನ್ ಒಂದು ಪ್ಲೇಟ್ ಕದ್ಕೊಂಡು ಹೋಗಿದ್ದಾಳೆ. ಸಂಜೆ ನಾಲ್ಕರೊಳಗೆ ನನ್ನ ಕೈಲಿರ್ಬೇಕು."

"ಏನಿದೆ ಅದರಲ್ಲಿ?"

"ಮಿದುಳಿನ ಕಾವಲುಗಾರರು."

ಆಮೇಲೆ ಬಿಡಿಸಿ ಹೇಳಿದರು. ನಮ್ಮ ಮಿದುಳಿನಲ್ಲಿ ಕಾವಲು ಕಾಯುವ ಕೋಶಗಳಿವೆಯಂತೆ. ಮೈಕ್ರೋಗ್ಲಿಯಾ ಅಂತ ಹೆಸರು. ರೋಗಾಣು ಬಂದರೆ ಹಿಡಿದು ನುಂಗುತ್ತವೆ, ಕಸ ಗುಡಿಸುತ್ತವೆ, "ಕಳ್ಳ! ಕಳ್ಳ!" ಎಂದು ಕೂಗಿ ಎಲ್ಲರನ್ನೂ ಎಬ್ಬಿಸುತ್ತವೆ. ವಯಸ್ಸಾದಂತೆ ಕೆಲವರಲ್ಲಿ ಈ ಕೂಗು ನಿಲ್ಲುವುದೇ ಇಲ್ಲ. ಕಳ್ಳ ಇಲ್ಲದಿದ್ದರೂ ಕೂಗು. ಅದೇ ಉರಿಯೂತ. ಆ ಉರಿಗೆ ಅಕ್ಕಪಕ್ಕದ ಒಳ್ಳೆಯ ಕೋಶಗಳೂ ಬೇಯುತ್ತವೆ, ನೆನಪುಗಳೂ ಸುಡುತ್ತವೆ. ಡೈರೆಕ್ಟರರು ಯಾವುದೋ ಗಿಡದ ಎಲೆಯಿಂದ ಒಂದು ಸತ್ವ ತೆಗೆದಿದ್ದರು. ಅದನ್ನು ಹಾಕಿದರೆ ಕಾವಲುಗಾರರು ಸುಮ್ಮನಾಗುತ್ತಾರೆ!

"ಇವತ್ತು ನಾಲ್ಕಕ್ಕೆ ಆಸ್ಪತ್ರೆಯ ಹಾಲಲ್ಲಿ ನಲವತ್ತು ಜನ ವಯಸ್ಸಾದವರಿಗೆ ಮೊದಲ ಕ್ಯಾಪ್ಸೂಲ್ ಕೊಡ್ತಿದ್ದೀವಿ. ನಿಮ್ಮ ಅತ್ತೆಯವರ ಹೆಸರೂ ಲಿಸ್ಟಲ್ಲಿದೆ, ಅಲ್ವಾ?"

ಹೌದೆಂದೆ.

"ಪ್ಲೇಟ್ ಸಿಗದಿದ್ರೆ ಇರಲ್ಲ."

ನಕ್ಕರು. ಶೂಗಿಂತ ಹಲ್ಲು ಹೆಚ್ಚು ಹೊಳೆಯಿತು.

ಅತ್ತೆಯ ವಿಷಯ ಹೇಳಬೇಕು. ನನಗೂ ಅವರಿಗೂ ಮೂವತ್ತು ವರ್ಷದ ಯುದ್ಧ. ನಾನು ಬೇಡವೆಂದದ್ದನ್ನೆಲ್ಲ ಅವರು ಮಾಡಿದ್ದಾರೆ. ನಾನು ಒಳ್ಳೆಯದೆಂದದ್ದನ್ನೆಲ್ಲ ತಿರಸ್ಕರಿಸಿದ್ದಾರೆ. ನನ್ನ ಮೂರು ಹೆರಿಗೆಯಲ್ಲೂ ರಾತ್ರಿಯಿಡೀ ಎಚ್ಚರವಿದ್ದು, ಹಗಲಿಡೀ ಬೈದಿದ್ದಾರೆ. ಈಗ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಇದೇ ಮಾತು:

"ನೀನ್ಯಾರು?"

"ನಿಮ್ಮ ಸೊಸೆ, ಅತ್ತೆ."

"ಅಯ್ಯೋ ಕರ್ಮ! ನನ್ನ ಮಗನಿಗೆ ಬೇರೆ ಯಾರೂ ಸಿಗಲಿಲ್ವಾ?"

ದಿನಾ ಹೊಸದಾಗಿ ಗೊತ್ತಾಗುತ್ತದೆ. ದಿನಾ ಹೊಸದಾಗಿ ಬೇಸರವಾಗುತ್ತದೆ. ಪಾಪ, ಒಂದು ದಿನವಾದರೂ ಹಳೆಯ ಬೇಸರ ಸಿಗಲಿ ಎಂದೇ ನಾನು ಅವರ ಹೆಸರು ಬರೆಸಿದ್ದೆ.

ಹಾಗಾಗಿ ಕೆಲಸ ಒಪ್ಪಿಕೊಂಡೆ.

ಟೆಕ್ನೀಷಿಯನ್‌ಳ ಲಾಕರ್ ತೆಗೆಸಿದೆ. ಕೋಟು. ಬಾಚಣಿಗೆ. ಖಾಲಿ ಮೊಟ್ಟೆ ಟ್ರೇ. ಟ್ರೇಯ ಮೂಲೆಯಲ್ಲಿ ಒಂದು ಕೋಳಿಮರಿ ಸಾಕಣೆಯ ಮುದ್ರೆ, ಪಟ್ಟಣದಾಚೆಯ ವಿಳಾಸ.

ಕೋಶಗಳಿಗೆ ಮೈಬಿಸಿಯಷ್ಟೇ ಬಿಸಿ ಬೇಕು. ಮೂವತ್ತೇಳು ಡಿಗ್ರಿ. ಹಾಗೆಂದು ಡೈರೆಕ್ಟರರೇ ಹೇಳಿದ್ದರು. ಊರಲ್ಲಿ ಇನ್ಯಾರಿಗೆ ಅಷ್ಟೇ ಬಿಸಿ ಬೇಕು?

ಮೊಟ್ಟೆಗೆ!

* * *

ಅವಳನ್ನು ಲ್ಯಾಬಿನಲ್ಲಿ ಹನಿಯಕ್ಕ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಹನಿ ಅಳೆದು ಗುಂಡಿಗೆ ಹಾಕುವುದೇ ಅವಳ ಕೆಲಸ. ಮಹಡಿಯ ಮೇಲೆ, ಮೊಟ್ಟೆ ಮರಿ ಮಾಡಿಸುವ ಬಿಸಿ ಪೆಟ್ಟಿಗೆಗಳ ಮುಂದೆ ಕೂತಿದ್ದಳು. ಪಕ್ಕದಲ್ಲಿ ಅವಳಣ್ಣ, ಆ ಜಾಗದ ಯಜಮಾನ, ಮೊಟ್ಟೆಯಣ್ಣ.

"ಡೈರೆಕ್ಟರ್ ಕಳಿಸಿದ್ರಾ?" ಅವಳು ಕೇಳಿದಳು.

"ಹೌದು. ಪ್ಲೇಟ್ ಕೊಡು."

"ಕೊಡ್ತೀನಿ. ಮೂರು ಗಂಟೆ ಬಿಟ್ಟು."

"ಯಾಕೆ?"

"ಆಗ ಹೆಣ ಕಾಣುತ್ತೆ."

ಸ್ಟೂಲ್ ಎಳೆದುಕೊಂಡು ಕೂತೆ.

"ನೋಡಿ ಮೇಡಂ, ಕಾವಲುಗಾರರು ಕೂಗ್ತಿದ್ದಾರಾ ಅಂತ ತಿಳಿಯೋಕೆ ಒಂದು ಬಣ್ಣ ಇದೆ. ಕೂಗಿದಷ್ಟೂ ಗುಲಾಬಿ. ಎಲೆ ಸತ್ವ ಜಾಸ್ತಿ ಹಾಕಿದ ಗುಂಡಿಗಳಲ್ಲಿ ಗುಲಾಬಿ ಸುಳಿವೇ ಇಲ್ಲ. ಎಲ್ಲರೂ ಚಪ್ಪಾಳೆ ಹೊಡೆದ್ರು. ಆದ್ರೆ ಆ ಗುಂಡಿ ತೊಳೆಯುವಾಗ ಕೋಶಗಳು ಕಿತ್ತು ಬರ್ತಿದ್ವು. ನಿನ್ನ ಕೈ ಒರಟು ಅಂತ ಡೈರೆಕ್ಟರ್ ಬೈದ್ರು. ನಾನೂ ಹಾಗೇ ಅಂದ್ಕೊಂಡೆ. ಮೂರು ತಿಂಗಳು ಮೇಡಂ... ಮನೇಲಿ ನೀರು ತುಂಬ್ಕೊಂಡು ಕೈ ಹಗುರ ಮಾಡೋದು ಅಭ್ಯಾಸ ಮಾಡಿದೆ!"

"ಆಮೇಲೆ?"

"ಹೋದ ವಾರ ತೊಳೆಯೋಕೆ ಮೊದ್ಲೇ ಸೂಕ್ಷ್ಮದರ್ಶಕದಲ್ಲಿ ನೋಡ್ದೆ. ನಾನು ಮುಟ್ಟೋಕೆ ಮುಂಚೆನೇ ತೇಲ್ತಿದ್ವು."

"ಸತ್ತು?"

"ಸತ್ತು."

ಪಕ್ಕದ ಕೋಣೆಯಲ್ಲಿ ಮಕ್ಕಳ ಗಲಾಟೆ ಒಮ್ಮೆಲೇ ನಿಂತರೆ ಹೆತ್ತವಳು ಖುಷಿಪಡುವುದಿಲ್ಲ. ಕೈಯಲ್ಲಿದ್ದ ಸೌಟು ಬಿಸಾಡಿ ಓಡುತ್ತಾಳೆ. ಇಲ್ಲಿ ಅಷ್ಟೊಂದು ಓದಿದವರು ಕೂತು ಚಪ್ಪಾಳೆ ಹೊಡೆದಿದ್ದರು! ಕಾವಲುಗಾರ ಸಮಾಧಾನವಾದನೋ ಸತ್ತೇಹೋದನೋ ಎಂದು ಒಬ್ಬನೂ ಮುಟ್ಟಿ ನೋಡಲಿಲ್ಲ.

"ಇಲಿಗಳ ಮೇಲೆ ನೋಡಿರಲಿಲ್ವಾ?"

"ನೋಡಿದ್ರು. 'ಇಲಿಗಳು ಶಾಂತವಾಗಿವೆ' ಅಂತ ಬರೆದ್ರು. ಶಾಂತವಾಗೇ ಇದ್ವು. ತಿನ್ನೋದು ಬಿಟ್ಟು ಮೂಲೇಲಿ ಬಿದ್ದಿದ್ವು."

"ಹಾಗಾದ್ರೆ ಎಲೆ ವಿಷ."

"ಅಲ್ಲ ಮೇಡಂ! ಅದೇ ಹೊಟ್ಟೆ ಉರಿಯೋ ವಿಷಯ. ಕಡಿಮೆ ಹಾಕಿದ್ರೆ ಗುಲಾಬಿ ಅರ್ಧ ಇಳಿಯುತ್ತೆ. ಜೀವಾನೂ ಉಳಿಯುತ್ತೆ. ಒಳ್ಳೇ ಎಲೆ ಅದು."

"ಮತ್ತೆ ಕಡಿಮೇನೇ ಹಾಕ್ಬಹುದಿತ್ತಲ್ಲ?"

"ಅರ್ಧ ಗುಲಾಬಿಗೆ ಯಾರು ಚಪ್ಪಾಳೆ ಹೊಡೀತಾರೆ?"

ಡೈರೆಕ್ಟರರಿಗೆ ಹೇಳಿದ್ದಳು. "ಹನಿ ಹಾಕೋದು ನಿನ್ನ ಕೆಲಸ, ಯೋಚನೆ ನನ್ನದು," ಎಂದಿದ್ದರು. ಮರುದಿನ ಕಂಪ್ಯೂಟರಿನಲ್ಲಿದ್ದ ಚಿತ್ರಗಳೂ ಇಲ್ಲ, ಅವಳ ನೋಟ್‌ಬುಕ್ಕೂ ಇಲ್ಲ. ಹಾಗಾಗಿ ನಿನ್ನೆ ಈ ಪ್ಲೇಟ್ ಹಾಕಿದ್ದಳು. ಎಡಗಡೆ ನಾಲ್ಕು ಸಾಲಿಗೆ ಎಲೆ ಇಲ್ಲ. ನಡುವಿನ ನಾಲ್ಕಕ್ಕೆ ಕಡಿಮೆ. ಬಲಗಡೆ ನಾಲ್ಕಕ್ಕೆ ಕ್ಯಾಪ್ಸೂಲಿನ ಲೆಕ್ಕದಷ್ಟು. ಈಗ, ಸರಿಯಾಗಿ ಒಂದು ಗಂಟೆಗೆ, ಎಲ್ಲದಕ್ಕೂ ಒಂದು ಹಳದಿ ನೀರು ಹಾಕಿದಳು.

"ಬದುಕಿದ ಕೋಶ ಈ ಹಳದೀನ ನೇರಳೆ ಮಾಡುತ್ತೆ. ಸತ್ತದ್ದು ಏನೂ ಮಾಡಲ್ಲ. ಮೂರು ಗಂಟೆ ಬೆಚ್ಚಗಿರ್ಬೇಕು. ವಾಲಬಾರದು. ಆಮೇಲೆ ಯಾರ ಕಣ್ಣಿಗಾದ್ರೂ ಕಾಣುತ್ತೆ. ಔಷಧಿಗೆ ಒಪ್ಪಿಗೆ ಕೊಡೋ ಕಮಿಟಿಯ ಡಾಕ್ಟರಮ್ಮನ ಕಣ್ಣಿಗೂ. ಅವರೂ ನಾಲ್ಕಕ್ಕೆ ಆಸ್ಪತ್ರೆಗೆ ಬರ್ತಾರೆ."

ನಾನು ಎದ್ದು, ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ದಿದ್ದ ಗಂಡನಿಗೆ ಫೋನ್ ಮಾಡಿದೆ. ಸ್ವಿಚ್ ಆಫ್. ಆಸ್ಪತ್ರೆಯ ಹಾಲಿನಲ್ಲಿ ಎಲ್ಲರ ಫೋನನ್ನೂ ಬಾಗಿಲಲ್ಲೇ ಇಸಿದುಕೊಳ್ಳುತ್ತಾರಂತೆ. ಹೋಗಿ ಅತ್ತೆಯನ್ನು ಮಾತ್ರ ಎಳೆದುಕೊಂಡು ಬರಬಹುದಿತ್ತು. ಉಳಿದ ಮೂವತ್ತೊಂಬತ್ತು ಜನ?

ನಾನು ಪೆಟ್ಟಿಗೆ ತೆಗೆದು ಪ್ಲೇಟ್ ಇಡಲು ಹೋದೆ.

"ಅಯ್ಯಯ್ಯೋ, ಅದ್ರಲ್ಲಿ ಬೇಡ!" ಮೊಟ್ಟೆಯಣ್ಣ ಕೂಗಿದ. "ಅದು ಗಂಟೆಗೊಂದ್ಸಲ ಮೊಟ್ಟೆ ಹೊರಳಿಸುತ್ತೆ. ಇದ್ರಲ್ಲಿಡಿ. ಕೊನೇ ಮೂರು ದಿನ ಹೊರಳಿಸಬಾರ್ದು. ಮರಿಗೆ ದಾರಿ ತಪ್ಪುತ್ತೆ."

ಒಡೆಯುತ್ತಿದ್ದ ಮೊಟ್ಟೆಗಳ ನಡುವೆ ಪ್ಲೇಟ್ ಕೂತಿತು. ಒಂದು ಒದ್ದೆ ಮರಿ ಬಂದು ಮುಚ್ಚಳ ಕುಟುಕಿ ನೋಡಿತು.

ಅರ್ಧ ಗಂಟೆ ಸುಖವಾಗಿತ್ತು.

ಆಮೇಲೆ ಕಾರಿನ ಬಾಗಿಲು ಬಡಿದ ಸದ್ದು. ಡೈರೆಕ್ಟರರ ಡ್ರೈವರ್. ಬೋಳ! ನನ್ನ ಹಿಂದೆಯೇ ಬಂದಿದ್ದ. ನಾನೇ ದಾರಿ ತೋರಿಸಿದ್ದೆ. ಕುರಿ ತಾನೇ ಕಟುಕನಿಗೆ ಹಟ್ಟಿಯ ದಾರಿ ತೋರಿಸಿದಂತೆ.

ಪ್ಲೇಟ್ ಎತ್ತಿಕೊಂಡೆ. ಮೆಟ್ಟಿಲಿನ ಕತೆ ಆಗಲೇ ಹೇಳಿದೆನಲ್ಲ.

* * *

ಮೊಟ್ಟೆಯಣ್ಣನ ವ್ಯಾನ್ ಕೆಳಗೆ ಹಿಂಬಾಗಿಲಲ್ಲಿತ್ತು.

"ಬಿಸಿ?" ಹನಿಯಕ್ಕ ಕಿರುಚಿದಳು. "ವ್ಯಾನಲ್ಲಿ ಬಿಸಿ ಎಲ್ಲಿದೆ?"

"ಇಲ್ಲಿದೆ."

ವ್ಯಾನಿನೊಳಗೆ ಅಂಗಾತ ಮಲಗಿದೆ. ಪ್ಲೇಟನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಮೂರು ಹೆತ್ತ ಹೊಟ್ಟೆ. ಒಂದು ಪ್ಲೇಟಿಗೆ ಧಾರಾಳ ಜಾಗವಿತ್ತು. ಮೇಲೆ ಕಂಬಳಿ. ಎರಡೂ ಪಕ್ಕಕ್ಕೆ ಆಗಷ್ಟೇ ಹುಟ್ಟಿದ ಮರಿಗಳ ಪೆಟ್ಟಿಗೆ. ಅವುಗಳ ಬಿಸಿಯೂ ಬರಲಿ.

"ಅಕ್ಕ, ಜೋರಾಗಿ ಉಸಿರಾಡ್ಬೇಡಿ!"

ಮೇಡಂ ಹೋಗಿ ಅಕ್ಕ ಆಗಿದ್ದೆ.

"ಆಸ್ಪತ್ರೆ ಎಷ್ಟು ದೂರ?"

"ಮೂವತ್ತು ಕಿಲೋಮೀಟರ್," ಎಂದ ಮೊಟ್ಟೆಯಣ್ಣ.

"ಎಷ್ಟು ಸ್ಪೀಡಲ್ಲಿ ಹೋಗ್ತೀರಿ?"

"ಹದಿನೈದು."

"ಹದಿನೈದಾ?!"

"ಇಪ್ಪತ್ತು ವರ್ಷದಿಂದ ಮೊಟ್ಟೆ ಸಾಗಿಸ್ತಿದ್ದೀನಿ ತಾಯಿ. ಒಂದೂ ಒಡೆದಿಲ್ಲ. ಸ್ಪೀಡ್ ಬೇಕಾದ್ರೆ ಕಲ್ಲಂಗಡಿ ವ್ಯಾನ್ ಹತ್ತಿ."

ಹೀಗೆ ಶುರುವಾಯಿತು ನೋಡಿ ನನ್ನ ಜೀವನದ ಅತಿ ಭಯಂಕರ ಚೇಸ್! ನಮ್ಮನ್ನು ಒಬ್ಬ ಸೈಕಲ್ಲಿನವನು ಹಿಂದೆ ಹಾಕಿದ. ಆಮೇಲೆ ಒಬ್ಬ ಅಜ್ಜ. ಆತ ನಡೆಯುತ್ತಿದ್ದ.

ಒಂದು ಗಂಟೆ ಕಳೆಯಿತು. ಬೆನ್ನು ಮರಗಟ್ಟಿತು. ಮರಿಯೊಂದು ತಪ್ಪಿಸಿಕೊಂಡು ಬಂದು ನನ್ನ ಕಿವಿಯೊಳಗೆ ಚಿಂವ್ ಎಂದಿತು.

"ನಗ್ಬೇಡಿ ಅಕ್ಕ! ಹೊಟ್ಟೆ ಕುಣಿಯುತ್ತೆ!"

ಆಗಲೇ ಹಿಂದಿನಿಂದ ಹಾರ್ನ್.

ಹನಿಯಕ್ಕ ಕಿಟಕಿಯಲ್ಲಿ ಇಣುಕಿದಳು. "ಬೋಳ! ಹಣೆ ಊದಿದೆ. ಹತ್ತಿರ ಬರ್ತಿದ್ದಾನೆ!"

ಧಡ್! ಹಿಂದಿನಿಂದ ಒಂದು ಗುದ್ದು. ನಾನು ಹೊಟ್ಟೆ ಬಿಗಿಹಿಡಿದೆ. ಪ್ಲೇಟ್ ತೇಲಿ, ಮತ್ತೆ ಕೂತಿತು.

"ಅಣ್ಣಾ, ಜೋರಾಗಿ ಓಡ್ಸು!"

"ಆಗಲ್ಲ ತಂಗಿ. ಒಡೆಯುತ್ತೆ."

ಇಂಥ ತತ್ತ್ವನಿಷ್ಠರನ್ನು ಕಟ್ಟಿಕೊಂಡು ಯಾರೂ ಯುದ್ಧಕ್ಕೆ ಹೋಗಬಾರದು.

"ಮೊಟ್ಟೆಯಣ್ಣ," ನಾನು ಮಲಗಿದಲ್ಲಿಂದಲೇ ಕೇಳಿದೆ, "ಮರಿಯಾಗದೆ ಉಳಿದ ಮೊಟ್ಟೆ ಏನ್ಮಾಡ್ತೀರಿ?"

"ಕೊಳೆತದ್ದಾ? ಗುಂಡಿಗೆ ಹಾಕೋಕೆ ಇಟ್ಟಿದ್ದೀನಿ. ಅಲ್ಲೇ ಮೂಲೇಲಿ ಎರಡು ಟ್ರೇ..."

ಮೂವರಿಗೂ ಒಟ್ಟಿಗೇ ಹೊಳೆಯಿತು.

"ಒಡೆದ್ರೆ ಪರವಾಗಿಲ್ಲ," ಎಂದ ಮೊಟ್ಟೆಯಣ್ಣ, ಭಾರವಾದ ದನಿಯಲ್ಲಿ. "ಅದು ಮೊಟ್ಟೆ ಲೆಕ್ಕಕ್ಕೆ ಬರಲ್ಲ."

ಹನಿಯಕ್ಕ ಹಿಂಬಾಗಿಲು ತೆರೆದಳು. ಒಂದೊಂದಾಗಿ ಎಸೆದಳು. ಗಡಿಬಿಡಿಯಿಲ್ಲ. ಹನ್ನೊಂದು ವರ್ಷ ತೊಂಬತ್ತಾರು ಗುಂಡಿಗೆ ಹನಿ ಹಾಕಿದ ಕೈ. ಬೋಳನ ಕಾರಿನ ಗಾಜು ಅವಳಿಗೆ ಒಂದೇ ಒಂದು ದೊಡ್ಡ ಗುಂಡಿ!

ಪಚಕ್. ಪಚಕ್. ಪಚಕ್.

ಬೋಳ ವೈಪರ್ ಹಾಕಿದ.

ತಪ್ಪು ಮಾಡಿದ. ಮೊಟ್ಟೆ ಗಾಜಿನ ತುಂಬ ಹಚ್ಚಿದಂತೆ ಹರಡಿತು. ಏನೂ ಕಾಣದೆ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದ.

ಅದು ಎರಡನೆಯ ತಪ್ಪು. ನುಣ್ಣನೆಯ ತಲೆ. ಪಚಕ್!

ಕಾರು ಚರಂಡಿಗೆ ಇಳಿದ ಸದ್ದು ಕೇಳಿಸಿತು. ಆಮೇಲೆ ಬೋಳ ವಾಂತಿ ಮಾಡುವ ಸದ್ದು.

"ಕೈ ಒರಟು ಅಂದಿದ್ರು," ಎಂದಳು ಹನಿಯಕ್ಕ, ಬಾಗಿಲು ಹಾಕಿಕೊಳ್ಳುತ್ತ.

* * *

ಮೂರು ಐವತ್ತು. ಆಸ್ಪತ್ರೆಯ ಗೇಟು.

ನಾನು ಏಳುವಂತಿರಲಿಲ್ಲ. ಇನ್ನೂ ಹತ್ತು ನಿಮಿಷ ಬಿಸಿ ಬೇಕು. ಹನಿಯಕ್ಕ ಸ್ಟ್ರೆಚರ್ ತಂದಳು. ಕಂಬಳಿಯ ಕೆಳಗೆ ನನ್ನ ಹೊಟ್ಟೆ ಚೌಕವಾಗಿ ಉಬ್ಬಿತ್ತು. ಗಾರ್ಡ್ ಅಡ್ಡ ಬಂದ.

"ಹೆರಿಗೆನಾ? ಎಷ್ಟಾಯ್ತು?"

"ಮೂರು ಗಂಟೆ," ಎಂದಳು ಹನಿಯಕ್ಕ, ಪ್ಲೇಟಿನ ಧ್ಯಾನದಲ್ಲೇ.

ಗಾರ್ಡ್ ನನ್ನ ನರೆತ ಕೂದಲು ನೋಡಿದ. ಹೊಟ್ಟೆ ನೋಡಿದ. "ಈ ವಯಸ್ಸಲ್ಲಿ..." ಎಂದು ಕೈ ಮುಗಿದು ಬಾಗಿಲು ಬಿಟ್ಟ.

ಹಾಲಿನೊಳಗೆ ನಲವತ್ತು ಕುರ್ಚಿ. ನಲವತ್ತು ಲೋಟ ನೀರು. ವೇದಿಕೆಯ ಹತ್ತಿರ ಡೈರೆಕ್ಟರ್, ಅದೇ ಶೂ. ಪಕ್ಕದಲ್ಲಿ ಕನ್ನಡಕದ ಡಾಕ್ಟರಮ್ಮ. ಮೊದಲ ಕುರ್ಚಿಯಲ್ಲಿ ನಮ್ಮತ್ತೆ. ಅವರ ಪಕ್ಕ ನನ್ನ ಗಂಡ, ಅಮ್ಮನ ಮುಂದೆ ಎಂದೂ ಬಾಯಿ ತೆರೆಯದ ಮಹಾನುಭಾವ.

ಅತ್ತೆಯ ಕೈಗೆ ಕ್ಯಾಪ್ಸೂಲ್ ಬಂದಾಗಿತ್ತು!

ಕಂಬಳಿ ಸರಿಸಿ ಎದ್ದೆ. ಎರಡೂ ಕೈಯಲ್ಲಿ ಪ್ಲೇಟ್.

"ನಿಲ್ಸಿ! ಯಾರೂ ನುಂಗ್ಬೇಡಿ!"

ಎಲ್ಲರೂ ತಿರುಗಿದರು. ಡೈರೆಕ್ಟರರ ಮುಖ ಸುಣ್ಣವಾಯಿತು. ಮರುಕ್ಷಣ ನಗು ಬಂತು.

"ಡಾಕ್ಟ್ರೇ, ಆ ಟೆಕ್ನೀಷಿಯನ್ ಕಳ್ಳಿ. ಈಕೆ ನಾನೇ ಕಳಿಸಿದವರು. ತಂದ್ರಲ್ಲ, ಗುಡ್. ಕೊಡಿ ಇಲ್ಲಿ." ಕೈ ಚಾಚಿ ಬಂದರು.

ನಾನು ಅತ್ತೆಯನ್ನೇ ನೋಡುತ್ತಿದ್ದೆ.

"ಅತ್ತೆ, ಅದನ್ನ ಕೆಳಗಿಡಿ."

"ನೀನ್ಯಾರು ನನಗೆ ಹೇಳೋಕೆ?"

"ನಿಮ್ಮ ಸೊಸೆ."

"ಹಾಗಾದ್ರೆ ನುಂಗೇ ನುಂಗ್ತೀನಿ!"

ಕ್ಯಾಪ್ಸೂಲ್ ಬಾಯಿಗೆ ಹೋಯಿತು. ಕೈ ಲೋಟಕ್ಕೆ ಹೋಯಿತು.

ಮಗು ಅಂಗಿಯ ಗುಂಡಿ ಬಾಯಿಗೆ ಹಾಕಿಕೊಂಡರೆ ಏನು ಮಾಡಬೇಕೆಂದು ನನಗೆ ಗೊತ್ತು. ಕೆನ್ನೆ ಒತ್ತಿ ಬೆರಳು ಹಾಕಬೇಕು. ಅದಕ್ಕೆ ಕೈ ಬೇಕು. ಎರಡೂ ಕೈಯಲ್ಲಿ ಪ್ಲೇಟ್. ಪ್ಲೇಟ್ ಬಿಟ್ಟರೆ ಮೂವತ್ತೊಂಬತ್ತು ಜನ. ಬಿಡದಿದ್ದರೆ ಅತ್ತೆ. ಕಳ್ಳಿ ಎಂದದ್ದು ಕೇಳಿ ಓಡಿಬಂದ ಗಾರ್ಡ್ ಹನಿಯಕ್ಕನನ್ನು ಹಿಡಿದುಕೊಂಡಿದ್ದ. ಗಂಡ ನನ್ನ ಮುಖ ನೋಡುತ್ತಿದ್ದ, ಎಂದಿನಂತೆ. ನನ್ನ ಮುಂದೆ ಡೈರೆಕ್ಟರರ ಚಾಚಿದ ಕೈ.

"ಕೊಡಿ," ಅವರು ಪಿಸುಗುಟ್ಟಿದರು. "ನಾನು ಹಿಡ್ಕೋತೀನಿ. ಹೋಗಿ ಅತ್ತೇನ ನೋಡ್ಕೊಳ್ಳಿ."

ಲೋಟ ಅತ್ತೆಯ ತುಟಿಗೆ ತಾಗಿತು.

ಮೂವತ್ತು ವರ್ಷದ ಯುದ್ಧ ಸುಮ್ಮನೆ ಹೋಗುವುದಿಲ್ಲ.

"ನುಂಗಿ ಅತ್ತೆ," ಎಂದೆ. "ತಮಾಷೆ ಮಾಡ್ದೆ ಅಷ್ಟೆ. ಒಳ್ಳೇ ಔಷಧಿ. ನಾನೇ ನಿಮಗೋಸ್ಕರ ಆರಿಸಿದ್ದು."

ಲೋಟ ನಿಂತಿತು.

"ನೀನಾ?"

"ನಾನೇ."

"ಥೂ!"

ಕ್ಯಾಪ್ಸೂಲ್ ಹಾರಿ ಡೈರೆಕ್ಟರರ ಶೂ ಮೇಲೆ ಬಿದ್ದಿತು. ಹೊಳಪಿನಿಂದ ಜಾರಿ ನೆಲಕ್ಕೆ ಉರುಳಿತು.

ನೋಡಿ, ಹೆಸರು ಮರೆತಿದ್ದರು. ಮುಖ ಮರೆತಿದ್ದರು. ಹಟ ಮರೆತಿರಲಿಲ್ಲ!

ನಾನು ಡೈರೆಕ್ಟರರನ್ನು ಬಳಸಿಕೊಂಡು ಹೋಗಿ ಡಾಕ್ಟರಮ್ಮನ ಮೇಜಿನ ಮೇಲೆ ಪ್ಲೇಟ್ ಇಳಿಸಿದೆ. ಮಲಗಿದ ಮಗುವನ್ನು ಇಳಿಸಿದ ಹಾಗೆ. ಗಡಿಯಾರದಲ್ಲಿ ಸರಿಯಾಗಿ ನಾಲ್ಕು.

ಎಡಗಡೆ ನಾಲ್ಕು ಸಾಲು, ನೇರಳೆ.

ನಡುವಿನ ನಾಲ್ಕು, ನೇರಳೆ.

ಬಲಗಡೆ ನಾಲ್ಕು... ಹಾಕಿದಾಗ ಹೇಗಿತ್ತೋ ಹಾಗೇ. ಹಳದಿ. ಮೂವತ್ತೆರಡು ಗುಂಡಿಯಲ್ಲೂ ಉಸಿರಿಲ್ಲ.

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಕ್ಯಾಪ್ಸೂಲಿನಷ್ಟು ಹಾಕಿದ್ದು ಯಾವ ಕಡೆ?"

"ಹಳದಿ ಕಡೆ," ಎಂದಳು ಹನಿಯಕ್ಕ.

"ಅಲುಗಾಡಿಸಿ ಹಾಳು ಮಾಡಿದ್ದಾರೆ!" ಡೈರೆಕ್ಟರ್ ಕೂಗಿದರು. "ಕೋಳಿ ಗೂಡಲ್ಲಿಟ್ಟಿದ್ರು!"

"ಅಲುಗಾಡಿದ್ರೆ ಬಣ್ಣ ಬೆರೆಯುತ್ತೆ," ಡಾಕ್ಟರಮ್ಮ ಅವರ ಕಡೆ ನೋಡದೆಯೇ ಹೇಳಿದರು. "ಇಲ್ಲಿ ಗೆರೆ ಎಳೆದ ಹಾಗಿದೆ. ಅಲ್ಲ, ಪ್ಲೇಟ್ ಕೋಳಿ ಗೂಡಲ್ಲಿತ್ತು ಅಂತ ನಿಮಗೆ ಹೇಗೆ ಗೊತ್ತಾಯ್ತು?"

ಡೈರೆಕ್ಟರ್ ಮೂಲೆಯ ಕುರ್ಚಿಗೆ ಸರಿದು ಕೂತರು. ಪೂರ್ತಿ ಶಾಂತವಾದರು. ಅವರ ಇಲಿಗಳ ಹಾಗೆ.

ನಲವತ್ತೂ ಕ್ಯಾಪ್ಸೂಲ್ ವಾಪಸ್ ಡಬ್ಬಕ್ಕೆ ಹೋದವು. ಎಲ್ಲ ಮೊದಲಿನಿಂದ, ಕಡಿಮೆ ಅಳತೆಯಿಂದ ಶುರುವಾಗಬೇಕು, ವರ್ಷಗಳೇ ಹಿಡಿಯಬಹುದು ಎಂದರು ಡಾಕ್ಟರಮ್ಮ. ಆಮೇಲೆ ಪ್ಲೇಟನ್ನು ಬೆಳಕಿಗೆ ಹಿಡಿದು ಕೇಳಿದರು:

"ಇದನ್ನ ಹಾಕಿದ್ದು ಯಾರು?"

"ನಾನು ಮೇಡಂ."

"ಕೈ ಬಹಳ ಹಗುರ ನಿಮ್ದು."

ಹನಿಯಕ್ಕ ತನ್ನ ಎರಡೂ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಮೊಟ್ಟೆಯಣ್ಣನ ವ್ಯಾನಿನಲ್ಲೇ ಮನೆಗೆ ಹೊರಟೆವು. ಗಂಟೆಗೆ ಹದಿನೈದು ಕಿಲೋಮೀಟರ್. ಅತ್ತೆಯ ಮಡಿಲಲ್ಲಿ ಆ ತಪ್ಪಿಸಿಕೊಂಡ ಮರಿ. ವರ್ಷಗಳೇ ಹಿಡಿಯಬಹುದು... ಅಷ್ಟು ವರ್ಷ ಅತ್ತೆಯ ಬಳಿ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಔಷಧಿ ಕೊಡಿಸುತ್ತೇನೆಂದು ಕರೆತಂದು ಔಷಧಿಯಿಲ್ಲದೆ ವಾಪಸ್ ಕರೆದೊಯ್ಯುತ್ತಿದ್ದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನ್ಯಾರು?"

"ನಿಮ್ಮ ಸೊಸೆ, ಅತ್ತೆ."

"ಅಯ್ಯೋ ಕರ್ಮ! ತಲೇಲಿ ಕೋಳಿ ಪುಕ್ಕ, ಮೈಯೆಲ್ಲ ಕೊಳೆತ ಮೊಟ್ಟೆ ವಾಸನೆ... ಯಾರೇ ನಿನ್ನ ಹೆತ್ತೋಳು? ಒಂದು ಬಾಚಣಿಗೆ ಕೊಟ್ಟು ಕಳಿಸಲಿಲ್ವಾ?"

ಶುರುವಾಯಿತು. ಮನೆ ಬರುವವರೆಗೆ ಒಂದು ಕ್ಷಣ ಬಾಯಿ ಮುಚ್ಚಲಿಲ್ಲ.

ನೇರಳೆ, ಅಂದುಕೊಂಡೆ. ಗಾಢ ನೇರಳೆ!